ಎಡಗಡೆ ಸೀಟಿನ ಬ್ರೇಕು

ಜನವರಿ 11

ಮಗಳೇ,

ಕ್ಷೇಮವೇ ಎಂದು ಕೇಳುವ ಮನಸ್ಸಿಲ್ಲ, ನಾನು ಕ್ಷೇಮ ಎಂದು ಹೇಳುವ ಮನಸ್ಸೂ ಇಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಇವತ್ತು ಬೆಳಿಗ್ಗೆ ಲೈಸೆನ್ಸ್ ಆಫೀಸಿಗೆ ಹೋಗಿದ್ದೆ. ನನ್ನದು ಮಾರ್ಚಿಗೆ ಮುಗಿಯುತ್ತದೆ, ಹೊಸದು ಮಾಡಿಸಬೇಕಿತ್ತು. ಅಲ್ಲಿ ಈಗ ಸಾಹೇಬನಾಗಿ ಕೂತಿರುವವನು ಯಾರು ಗೊತ್ತಲ್ಲ? ಹದಿನೈದು ವರ್ಷದ ಹಿಂದೆ ನನ್ನ ಹತ್ತಿರ ಕಾರು ಕಲಿತು ಒಂದೇ ತಿಂಗಳಲ್ಲಿ ಎರಡು ಕ್ಲಚ್ಚು ಸುಟ್ಟವನು. ಆ ಕ್ಲಚ್ಚಪ್ಪ ನನ್ನನ್ನು ನೋಡಿದ ಕೂಡಲೇ ಎದ್ದು ನಿಂತ. ಆಗಲೇ ಅನುಮಾನ ಬಂತು. ಕೆಟ್ಟ ಸುದ್ದಿ ಇಟ್ಟುಕೊಂಡವರೇ ಹೀಗೆ ಗಡಬಡಿಸಿ ಎದ್ದು ನಿಲ್ಲುವುದು.

“ಕೂತ್ಕೊಳ್ಳಿ ಟೀಚರಮ್ಮ. ಟೀ ತರಿಸ್ಲಾ?”

“ಟೀ ಕುಡಿಯೋಕೆ ಬಂದಿಲ್ಲ. ಸೀಲು ಹೊಡಿ.”

ಸೀಲು ಹೊಡೆಯಲಿಲ್ಲ. ಫೈಲಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬೋರಲು ಹಾಕಿದ. ಬೋರಲಾಗಿದ್ದರೂ ಅಕ್ಷರಗಳೆಲ್ಲ ಹಿಂದಕ್ಕೆ ಉಬ್ಬಿ ಕಾಣುತ್ತಿದ್ದವು. ಕಾಗದ ತೂತಾಗುವ ಹಾಗೆ ಪೆನ್ನು ಒತ್ತಿ ಬರೆಯುವವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬಳು ನಾನು. ಕಿತ್ತುಕೊಂಡು ಓದಿದೆ.

“ನನ್ನ ತಾಯಿಯವರು ವಾಹನ ಚಲಾಯಿಸಲು ಯೋಗ್ಯರಲ್ಲ. ಅವರ ಪರವಾನಗಿಯನ್ನು ನವೀಕರಿಸಬಾರದೆಂದು ವಿನಂತಿ.”

ಯೋಗ್ಯರಲ್ಲ! ಅಲ್ಲ ಕಣೇ, ಮಾತು ಬಂದ ದಿನದಿಂದ ನನ್ನನ್ನು ನೀನು, ನಿನಗೆ ಅಂತಲೇ ಕರೆದವಳು, ಕುತ್ತಿಗೆ ಕೊಯ್ಯುವಾಗ ಮಾತ್ರ ಬಹುವಚನ ನೆನಪಾಯಿತೇ? ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ವ್ಯಾಕರಣ ಗೊತ್ತಿಲ್ಲ. ಆದರೆ ಮರ್ಯಾದೆ ಯಾವುದು, ಮರ್ಯಾದೆಯ ವೇಷ ಹಾಕಿಕೊಂಡ ಅವಮಾನ ಯಾವುದು ಅಂತ ಗೊತ್ತು. ‘ಯೋಗ್ಯಳಲ್ಲ’ ಎಂದು ಬರೆದಿದ್ದರೆ ಮಗಳಿಗೆ ಏನೋ ಕೋಪ ಬಂದಿದೆ ಅಂದುಕೊಳ್ಳುತ್ತಿದ್ದೆ. ಇದು ಯಾರೋ ಅಪರಿಚಿತರು ಬರೆದ ಹಾಗಿತ್ತು.

ಮೂವತ್ತೆರಡು ವರ್ಷ ಈ ಊರಿನ ಅರ್ಧಕ್ಕರ್ಧ ಜನಕ್ಕೆ ಕಾರು ಕಲಿಸಿದವಳು ನಾನು. ನಿಮ್ಮಪ್ಪ ಹೋದ ಮೇಲೆ ಡ್ರೈವಿಂಗ್ ಸ್ಕೂಲು ಮುಚ್ಚುತ್ತದೆ ಎಂದು ಬಾಯಿ ಚಪ್ಪರಿಸಿಕೊಂಡು ಕಾದವರ ಹೆಂಡಿರು ಮಕ್ಕಳಿಗೂ ಕಲಿಸಿದವಳು. ಆ ಕ್ಲಚ್ಚಪ್ಪ ಹೇಳುತ್ತಾನೆ, “ದೂರು ಬಂದ ಮೇಲೆ ನಾನೇನೂ ಮಾಡೋಕಾಗಲ್ಲ ಟೀಚರಮ್ಮ. ಮಾರ್ಚ್ ಇಪ್ಪತ್ತಕ್ಕೆ ಬನ್ನಿ, ಟೆಸ್ಟ್ ಕೊಡಿ.” ನನಗೆ ಟೆಸ್ಟು! ಅವನ ಎದುರಿಗೆ! ಗುರುವಿಗೇ ತಿರುಮಂತ್ರ.

ಕಾರಣ ಏನು ಅಂತ ಒಂದು ಸಾಲೂ ಬರೆದಿಲ್ಲ ನೀನು. ದಿನವೂ ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೆ ಅಳತೆ ತೆಗೆದು ಕೃತಕ ಕಾಲು ಮಾಡಿ ಕೊಡುವವಳು ನೀನು, ನಿನಗೆ ಸ್ಟೀರಿಂಗ್ ಹಿಡಿದವರೆಲ್ಲ ಕೊಲೆಗಡುಕರು ಅನ್ನಿಸಿರಬೇಕು. ಇರಲಿ. ನಾನೇ ಬರುತ್ತೇನೆ. ನಾಲ್ಕು ರಾಜ್ಯ ದಾಟಿ, ನಮ್ಮ ಬಿಳಿ ಕಾರಿನಲ್ಲಿ, ಒಬ್ಬಳೇ. ನಿನ್ನ ಬಾಗಿಲ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತೇನೆ. ಆಮೇಲೆ ಹೇಳು ಯೋಗ್ಯಳೋ ಅಲ್ಲವೋ.

ಫೋನು ಮಾಡಬೇಡ. ಸೆಪ್ಟೆಂಬರಿನಿಂದ ಮಾಡಿಲ್ಲ, ಈಗಲೂ ಬೇಡ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಇಟ್ಟುಬಿಡುತ್ತೀ. ಕಾಗದವನ್ನು ಹರಿದು ಹಾಕುವವರೂ ಒಮ್ಮೆ ಓದಿಯೇ ಹರಿಯುತ್ತಾರೆ.

ಈ ಊರೂ ಹಾಳಾಗಿ ಹೋಗಿದೆ. ಮಾರ್ಕೆಟ್ ಗಲ್ಲಿಯ ಮೂಲೆಯಲ್ಲಿ ಕೂರುತ್ತಿದ್ದ ಛತ್ರಿ ರಿಪೇರಿಯವನು ನಾಲ್ಕು ತಿಂಗಳಿಂದ ನಾಪತ್ತೆ. ನಿಮ್ಮಪ್ಪನ ದೊಡ್ಡ ಕಪ್ಪು ಛತ್ರಿಯ ಕಡ್ಡಿ ಮುರಿದಿತ್ತು, ಕೊಟ್ಟಿದ್ದೆ. ಇಪ್ಪತ್ತು ವರ್ಷ ಅಲ್ಲಾಡದೆ ಕೂತಿದ್ದವನು ನನ್ನ ಛತ್ರಿ ಕೈಗೆ ಸಿಕ್ಕ ಕೂಡಲೇ ಮಾಯ. ಕಳ್ಳ. ಈ ಕಾಲದಲ್ಲಿ ಯಾರನ್ನೂ ನಂಬಬಾರದು, ಹೆತ್ತ ಮಗಳನ್ನೂ.

ನಿನ್ನ ತಾಯಿಯವರು

*

ಜನವರಿ 17

ಅಮ್ಮಾ,

ಹೌದು, ನಾನೇ ಬರೆದೆ. ವಾಪಸ್ಸು ತೆಗೆದುಕೊಳ್ಳುವುದಿಲ್ಲ.

ಬರುವುದಾದರೆ ರೈಲಿನಲ್ಲಿ ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಎದುರಿಗೆ ಕೂತು ಎಲ್ಲ ಹೇಳುತ್ತೇನೆ, ಕಾಗದದಲ್ಲಿ ಬರೆಯುವಂಥದ್ದಲ್ಲ. ಕಾರು ಮಾತ್ರ ತರಬೇಡ. ಕಾಲಿಗೆ ಬೀಳುತ್ತೇನೆ, ತರಬೇಡ.

ಛತ್ರಿಯವರನ್ನು ಕಳ್ಳ ಅನ್ನಬೇಡಮ್ಮಾ.

ನಿನ್ನ ಮಗಳು

*

ಜನವರಿ 25

ಮಗಳೇ,

ಕಾರು ತಂದಿದ್ದೇನೆ. ಕಾಲಿಗೆ ಬೀಳಲು ಇನ್ನೂ ಮೂರು ರಾಜ್ಯ ಕಾಯಬೇಕು ನೀನು.

ಮೊದಲ ಗಡಿ ನಿನ್ನೆ ದಾಟಿದೆ. ಇದು ಹೆದ್ದಾರಿಯ ಪಕ್ಕದ ಒಂದು ಲಾಡ್ಜು. ರೂಮಿನಲ್ಲಿ ಒಂದು ಮಂಚ, ಕಾಲು ಕುಂಟುವ ಒಂದು ಮೇಜು, ಬೆಳಕಿಗಿಂತ ಸದ್ದು ಜಾಸ್ತಿ ಮಾಡುವ ಒಂದು ಟ್ಯೂಬ್‌ಲೈಟು. ಮೇಜಿನ ಕಾಲಿಗೆ ನಿನ್ನ ಕಾಗದವನ್ನೇ ಮಡಿಸಿ ಕೊಟ್ಟಿದ್ದೇನೆ. ಅಷ್ಟಾದರೂ ಉಪಯೋಗವಾಗಲಿ.

ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತೇ? ಎಲ್ಲಿ ನಿಲ್ಲಿಸಿದರೂ ಒಂದೇ ಪ್ರಶ್ನೆ. ಪೆಟ್ರೋಲ್ ಬಂಕಿನಲ್ಲಿ, “ಡ್ರೈವರ್ ಎಲ್ಲಮ್ಮಾ?” ಟೋಲ್ ಗೇಟಿನಲ್ಲಿ, “ಡ್ರೈವರ್ ಇಳಿದು ಹೋದ್ನಾ?” ಈ ಲಾಡ್ಜಿನ ಮ್ಯಾನೇಜರನಂತೂ ನನ್ನ ಕೈಯಲ್ಲಿ ಕೀಲಿ ನೋಡಿಯೂ ಬಗ್ಗಿ ಕಾರಿನ ಒಳಗೆಲ್ಲ ಹುಡುಕಿದ.

“ಜೊತೆಗೆ ಯಾರು ಬಂದಿದ್ದಾರೆ?”

“ಕಾರು ಬಂದಿದೆ.”

“ಅಲ್ಲಮ್ಮಾ, ಗಂಡಸರು?”

“ಡಿಕ್ಕೀಲಿ ಮಲಗಿದ್ದಾನೆ, ಎಬ್ಬಿಸ್ಲಾ?”

ಬಾಯಿ ಮುಚ್ಚಿಕೊಂಡು ರೂಮು ಕೊಟ್ಟ.

ಇನ್ನು ರಸ್ತೆಯ ಮೇಲಿನ ಲಾರಿಯವರು, ಬಸ್ಸಿನವರು. ನಮ್ಮ ಕಾರಿನ ಹಿಂದೆ ಮುಂದೆ ಕೆಂಪು ‘ಎಲ್’ ಅಕ್ಷರ ಬರೆದಿದೆಯಲ್ಲ, ಅದನ್ನು ನೋಡಿ ಹಾರ್ನ್ ಹೊಡೆದು ಹಲ್ಲು ಕಿಸಿಯುತ್ತಾರೆ. ಅವರ ಅಪ್ಪಂದಿರಿಗೆ ಕಲಿಸುವ ವಯಸ್ಸು ನನ್ನದು, ಅವರ ಕಣ್ಣಿಗೆ ನಾನು ಕಲಿಯುವವಳು! ಬಟ್ಟೆ ಮುಚ್ಚೋಣ ಎಂದುಕೊಂಡೆ. ಯಾಕೆ ಮುಚ್ಚಬೇಕು? ಮೂವತ್ತೆರಡು ವರ್ಷದ ಅನ್ನ ಅದು.

ಎಡಗಡೆ ಸೀಟು ಖಾಲಿ. ಬ್ಯಾಗು ಇಟ್ಟಿದ್ದೇನೆ, ಬ್ರೇಕಿನ ಮೇಲೆ ಬೀಳದ ಹಾಗೆ. ಕಲಿಸುವವರಿಗೆಂದು ಆ ಸೀಟಿನ ಕಾಲ ಬುಡದಲ್ಲಿ ನಿಮ್ಮಪ್ಪ ಹಾಕಿಸಿದ ಎರಡನೇ ಬ್ರೇಕು. ನನ್ನ ಚಪ್ಪಲಿ ಉಜ್ಜಿ ಉಜ್ಜಿ ಅದರ ರಬ್ಬರು ನುಣ್ಣಗಾಗಿದೆ. ಡ್ರೈವರ್ ಸೀಟಿನ ಬ್ರೇಕೂ ಅಷ್ಟು ಸವೆದಿಲ್ಲ.

ನೀನು ಏನು ನೆನಪು ಮಾಡಿಕೊಳ್ಳುತ್ತೀ ಅಂತ ಗೊತ್ತು. ಹದಿನೆಂಟು ವರ್ಷ ನಿನಗೆ. ದೊಡ್ಡ ಜಂಕ್ಷನ್ನು. ನೀನು ಕ್ಲಚ್ಚು ಬಿಡುವ ಮೊದಲೇ ನಾನು ಬ್ರೇಕು ಒತ್ತಿದೆ. ಮತ್ತೆ ಹೊರಡಿಸಿದೆ, ಮತ್ತೆ ಒತ್ತಿದೆ. ಮೂರನೇ ಸಲ ನೀನು ಕೀಲಿ ಕಿತ್ತು ನನ್ನ ಮಡಿಲಿಗೆ ಎಸೆದು, ಜಂಕ್ಷನ್ನಿನ ನಟ್ಟನಡುವೆ ಬಾಗಿಲು ತೆಗೆದು ಇಳಿದು ನಡೆದೇಬಿಟ್ಟೆ. ಅವತ್ತಿನಿಂದ ಇವತ್ತಿನವರೆಗೆ ಸ್ಟೀರಿಂಗ್ ಮುಟ್ಟಿಲ್ಲ. ಡ್ರೈವಿಂಗ್ ಸ್ಕೂಲಿನವಳ ಮಗಳು ಬಸ್ಸಿಗೆ ಕಾಯುತ್ತಾಳೆ! ಎದುರಿನಿಂದ ಲಾರಿ ಬರುತ್ತಿತ್ತು ಕಣೇ. ನಿನಗೆ ಕಾಣಲಿಲ್ಲ. ನನಗೆ ಕಂಡಿತು.

ಇಪ್ಪತ್ತೆರಡು ವರ್ಷದಿಂದ ಇದೊಂದು ಮಾತು ಹೇಳಬೇಕೆಂದಿದ್ದೆ, ಇವತ್ತು ಹೇಳಿದೆ.

ಮುಂದಿನ ರಾಜ್ಯದಲ್ಲಿ ಹಾರ್ನಮ್ಮನ ಮನೆ. ಅವಳು ನಿನಗೆ ಗೊತ್ತು, ನನ್ನ ಹತ್ತಿರ ಕಾರು ಕಲಿಯುವಾಗ ತಿರುವು ಇರಲಿ ಬಿಡಲಿ ಹಾರ್ನ್ ಹೊಡೆಯುತ್ತಿದ್ದ ನರ್ಸು. ಆಮೇಲೆ ರಿವರ್ಸ್ ಮೇಷ್ಟ್ರ ಮನೆ. ಮೇಷ್ಟ್ರ ವಿಳಾಸ ಕೆಳಗೆ ಬರೆದಿದ್ದೇನೆ. ಏನಾದರೂ ಬರೆಯುವ ಧೈರ್ಯ ಇದ್ದರೆ ಅಲ್ಲಿಗೆ ಬರೆ.

ಅಮ್ಮ

*

ಫೆಬ್ರವರಿ 3

ಮಗಳೇ,

ಹಾರ್ನಮ್ಮನ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳು ಆಸ್ಪತ್ರೆಗೆ ಹೋಗಿದ್ದಾಳೆ.

ಮೊದಲು ನಿನಗೊಂದು ಸುದ್ದಿ. ನಿನ್ನೆ ಅವಳ ಆಸ್ಪತ್ರೆಯಲ್ಲೇ ಕಣ್ಣು ತೋರಿಸಿದೆ. ಡಾಕ್ಟರು ದೀಪ ಹಾಕಿ ನೋಡಿ, ಅಕ್ಷರ ಓದಿಸಿ, “ಈ ವಯಸ್ಸಿಗೆ ಇಂಥ ಕಣ್ಣು ನೋಡೇ ಇಲ್ಲ” ಅಂದರು. ಚೀಟಿಯಲ್ಲಿ ಬರೆಸಿಕೊಂಡಿದ್ದೇನೆ, ಸೀಲು ಸಹಿತ. ಕಿವಿಯೂ ಸರಿಯಾಗಿದೆ. ತಗೋ. ಈಗ ಯಾವ ನೆಪ ಹೇಳುತ್ತೀ?

ಈ ರಾಜ್ಯದ ರಸ್ತೆ ಮಾಡಿಸಿದವರನ್ನು ಸಾಲಾಗಿ ನಿಲ್ಲಿಸಿ ಉಗಿಯಬೇಕು. ಒಂದು ಸೇತುವೆ, ಎಮ್ಮೆ ಹೊಕ್ಕರೆ ಕೋಡು ತಗಲುವಷ್ಟು ಕಿರಿದು. ತಡೆಗೋಡೆ ರಸ್ತೆಯ ಒಳಕ್ಕೇ ಚಾಚಿಕೊಂಡಿದೆ. ಎಡಗಡೆಯ ಕನ್ನಡಿ ಪಟ್ ಅಂತ ಹೋಯಿತು. ನನ್ನ ತಪ್ಪು ಎಳ್ಳಷ್ಟೂ ಇಲ್ಲ. ಹಿಂದೆ ಬಂದ ಬಸ್ಸು ಮಾತ್ರ ಹೇಗೋ ಪಾರಾಯಿತು. ಆ ಡ್ರೈವರನ ಅದೃಷ್ಟ.

ಕನ್ನಡಿಗೆ ಹಾರ್ನಮ್ಮ ಪ್ಲಾಸ್ಟರಿನ ಪಟ್ಟಿ ಸುತ್ತಿ ಕಟ್ಟಿದಳು, ಕೈ ಮುರಿದವರಿಗೆ ಸುತ್ತಿದ ಹಾಗೆ. ಕಟ್ಟುತ್ತಾ ಎಡ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು.

“ಟೀಚರಮ್ಮ, ಈ ಕಡೆ ತುಂಬ ಗೀರಿದೆಯಲ್ಲ. ಬಲಗಡೆ ನೋಡಿದ್ರೆ ಮದುವಣಗಿತ್ತಿ ಕೆನ್ನೆ ಥರ ಇದೆ.”

“ಗೋಡೆಗಳು ಯಾವಾಗ್ಲೂ ಎಡಗಡೆನೇ ಇರ್ತವೆ ಕಣೆ.”

ನಕ್ಕಳು. ಮೊದಲಾಗಿದ್ದರೆ ನನ್ನ ಮುಂದೆ ನಗುವ ಧೈರ್ಯ ಇತ್ತೇ ಇವಳಿಗೆ?

ಇಲ್ಲಿಯ ಬೋರ್ಡಿನ ಅಕ್ಷರ ಒಂದೂ ತಿಳಿಯುವುದಿಲ್ಲ. ನಮ್ಮ ಅಕ್ಷರವನ್ನೇ ನಾನು ಸ್ಕೂಲು ಬಿಟ್ಟ ಮೇಲೆ ಅಂಗಡಿ ಬೋರ್ಡು ನೋಡಿ ಕಲಿತವಳು. ಈಗ ಗಡಿ ದಾಟಿದ ಹಾಗೆಲ್ಲ ಮತ್ತೆ ಒಂದನೇ ಕ್ಲಾಸು. ಆದರೆ ತಿರುವಿನ ಬಾಣ, ಉಬ್ಬಿನ ಗುರುತು, ಕೆಂಪು ವೃತ್ತ, ಇವು ಮಾತ್ರ ಎಲ್ಲ ಕಡೆ ಒಂದೇ. ರಸ್ತೆಗೆ ಮಾತ್ರ ನನ್ನ ಭಾಷೆ ಗೊತ್ತು. ಅದನ್ನೂ ಕಿತ್ತುಕೊಳ್ಳಬೇಕೆಂದು ನೀನು ಅರ್ಜಿ ಹಾಕಿದ್ದೀಯಲ್ಲ, ಅದು ನೆನಪಾದಾಗ ಮೈಯೆಲ್ಲ ಉರಿಯುತ್ತದೆ.

ನಮ್ಮೂರಲ್ಲಿ ತಣ್ಣನೆ ಗಾಳಿ ಬೀಸುವ ಕಾರಿನ ಹೊಸ ಡ್ರೈವಿಂಗ್ ಸ್ಕೂಲು ಬಂದ ಮೇಲೆ ನನ್ನ ಹತ್ತಿರ ಯಾರೂ ಬರುವುದಿಲ್ಲ. ಎರಡು ವರ್ಷ ಆಯಿತು. ನಿನಗೆ ಹೇಳಿರಲಿಲ್ಲ. ಕಾರು ತುಕ್ಕು ಹಿಡಿಯಬಾರದೆಂದು ಬೆಳಿಗ್ಗೆ ಸಂಜೆ ಒಬ್ಬಳೇ ಓಡಿಸುತ್ತಿದ್ದೆ. ಅಷ್ಟು ವರ್ಷ ಬೇರೆಯವರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಈಗ ನಾನೇ ಓಡಿಸೋಣ ಅಂದರೆ ನಿನ್ನ ಕಾಗದ.

ನಾಳೆ ಹೊರಡುತ್ತೇನೆ.

ಅಮ್ಮ

*

ಫೆಬ್ರವರಿ 11

ಮಗಳೇ,

ರಿವರ್ಸ್ ಮೇಷ್ಟ್ರ ಮೇಲೆ ಕೋಪ ಮಾಡಿಕೊಂಡು ಅವರದೇ ಜಗಲಿಯಲ್ಲಿ, ಅವರದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಕೋಪ ಬಂದರೂ ಪೆನ್ನು ಬೇಕಲ್ಲ.

ಮೇಷ್ಟ್ರು ನೆನಪಿದ್ದಾರಾ? ಲೆಕ್ಕದ ಮೇಷ್ಟ್ರು. ಮುಂದಕ್ಕೆ ಹೋಗು ಅಂದರೆ ಬೆವರುತ್ತಿದ್ದರು, ಹಿಂದಕ್ಕೆ ಮಾತ್ರ ನೀರು ಕುಡಿದ ಹಾಗೆ ಓಡಿಸುತ್ತಿದ್ದರು. ಟೆಸ್ಟಿನ ದಿನ ರಿವರ್ಸಿನಲ್ಲೇ ಆಫೀಸಿನ ಗೇಟು ದಾಟಿದವರು. ಅಂಥವರು ಇವತ್ತು ನನಗೆ ಪಾಠ ಮಾಡಿದರು.

ಬಂದ ದಿನವೇ ಕಾರಿನ ಸುತ್ತ ಎರಡು ಸಲ ನಡೆದರು. ಇವತ್ತು ಬೆಳಿಗ್ಗೆ ಪಕ್ಕದ ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋಗಿ, ಸಿಮೆಂಟಿನ ಅಂಗಳದಲ್ಲಿ ಸೀಮೆಸುಣ್ಣದಿಂದ ಎರಡು ಉದ್ದ ಗೆರೆ ಎಳೆದರು. ಕಾರು ಮಧ್ಯೆ ಹೋದರೆ ಎರಡೂ ಕಡೆ ಒಂದೊಂದು ಮೊಳ ಉಳಿಯಬೇಕು, ಅಷ್ಟು ಅಗಲ.

“ಇದರ ನಡುವೆ ಹೋಗಿ ಟೀಚರಮ್ಮ.”

“ಇದೇನ್ ಮಕ್ಕಳಾಟ ಮೇಷ್ಟ್ರೇ?”

“ಮಕ್ಕಳಾಟನೇ. ಹೋಗಿ.”

ಹೋದೆ. ಬಾಣ ಬಿಟ್ಟ ಹಾಗೆ ಹೋದೆ. ಇಳಿದು ನೋಡಿದರೆ ಎಡಗಡೆಯ ಗೆರೆ ಉದ್ದಕ್ಕೂ ಅಳಿಸಿ ಹೋಗಿದೆ, ಚಕ್ರವೆಲ್ಲ ಬಿಳಿ. ಬಲಗಡೆ ಎರಡು ಮೊಳ ಖಾಲಿ. ನೆಲ ಓರೆಯಾಗಿದೆ ಅಂದೆ. ಮೇಷ್ಟ್ರು ಕಾರು ತಿರುಗಿಸಿ ಇನ್ನೊಂದು ಕಡೆಯಿಂದ ಬರಲು ಹೇಳಿದರು. ಈಗಲೂ ಎಡಗಡೆಯದೇ ಅಳಿಸಿತು. ಮೂರನೇ ಸಲ ಹಲ್ಲು ಕಚ್ಚಿಕೊಂಡು ಹೋದೆ. ಅದೇ.

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಮಗೆಲ್ಲ ನೀವೇ ಹೇಳ್ತಿದ್ರಿ, ಮರೆತ್ರಾ?” ಅಂದರು.

ಆಮೇಲೆ ನನ್ನನ್ನು ಎಡಗಡೆ ಸೀಟಿನಲ್ಲಿ ಕೂರಿಸಿ ತಾವು ಸ್ಟೀರಿಂಗ್ ಹಿಡಿದರು. “ಈಗ ನೀವು ಹೇಳಿ, ನಾನು ಓಡಿಸ್ತೀನಿ.” ಒಂಚೂರು ಬಲ, ಸಾಕು, ನೇರ, ಅಂದೆ. ಇಳಿದರೆ ಎರಡು ಗೆರೆಯೂ ಹಾಗೇ ಇವೆ. ಎರಡೂ ಕಡೆ ಸರಿಯಾಗಿ ಒಂದೊಂದು ಮೊಳ.

ಮೇಷ್ಟ್ರು ದಾರ ಹಿಡಿದು ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ಅಳೆದರು. ನಾನು ಎಡಕ್ಕೆ ಜಾರುವುದೂ ಅಷ್ಟರ ಮಟ್ಟಿಗೇ ಅಂತೆ.

“ಮೂವತ್ತೆರಡು ವರ್ಷ ಆ ಸೀಟಲ್ಲಿ ಕೂತು ರಸ್ತೆ ನೋಡಿದ್ದೀರಿ. ರಸ್ತೆ ಅಂಚು ಅಂದ್ರೆ ನಿಮ್ಮ ಎಡ ಭುಜದ ಪಕ್ಕದಲ್ಲೇ ಇರ್ಬೇಕು ನಿಮಗೆ. ಈಗ ಬಲಗಡೆ ಕೂತ್ರೂ ಅಂಚನ್ನ ಅಷ್ಟೇ ಹತ್ರಕ್ಕೆ ಎಳ್ಕೋತೀರಿ. ಕಣ್ಣಲ್ಲಿ ತೊಂದ್ರೆ ಇಲ್ಲ ಟೀಚರಮ್ಮ. ನೀವು ಈ ಸೀಟಿಗೆ ಬಂದಿದ್ದೀರಿ, ನಿಮ್ಮ ಮೈ ಇನ್ನೂ ಆ ಸೀಟಲ್ಲೇ ಕೂತಿದೆ.”

ನಾನು ಬಯ್ದೆ. ಚೆನ್ನಾಗಿ ಬಯ್ದೆ. ಮುಂದಕ್ಕೆ ಹೋಗಲು ಬರದ ಮನುಷ್ಯ ನನಗೆ ಅಳತೆ ಹೇಳುತ್ತೀರಾ ಅಂದೆ. ಅವರು ದಾರ ಸುತ್ತಿ ಜೇಬಿಗಿಟ್ಟುಕೊಂಡು ಟೀ ಮಾಡಲು ಹೋದರು.

ಸುಮ್ಮನೆ ಕೂತಾಗ ಒಂದು ವಿಷಯ ತಲೆಗೆ ಬಂದಿದೆ. ಹೋಗುತ್ತಿಲ್ಲ. ಸೆಪ್ಟೆಂಬರಿನಲ್ಲಿ ನೀನು ಬಂದು ವಾಪಸ್ಸು ಹೊರಟ ದಿನ, ನಿನ್ನನ್ನು ಸ್ಟೇಷನ್ನಿಗೆ ಬಿಡಲು ಮಾರ್ಕೆಟ್ ಗಲ್ಲಿಯಲ್ಲಿ ಹೋದೆವಲ್ಲ. ದಡ್ ಅಂತ ಒಂದು ಸದ್ದಾಯಿತು. ಹಳ್ಳ ಅಂದೆ ನಾನು. ನೀನು ಹಿಂದಕ್ಕೆ ತಿರುಗಿದವಳು ಸ್ಟೇಷನ್ನು ಬರುವ ತನಕ ತಿರುಗಿಕೊಂಡೇ ಇದ್ದೆ. ಮಾತಾಡಲಿಲ್ಲ. ಹೋಗಿ ಬರುತ್ತೇನೆ ಅಂತಲೂ ಹೇಳಲಿಲ್ಲ. ನಿನಗೆ ಸೊಕ್ಕು ಅಂದುಕೊಂಡಿದ್ದೆ.

ಏನದು? ಬರೆ. ಸುತ್ತಿ ಬಳಸಿ ಬರೆಯಬೇಡ. ಉತ್ತರ ಬರುವ ತನಕ ಇಲ್ಲೇ ಇರುತ್ತೇನೆ.

ಅಮ್ಮ

*

ಫೆಬ್ರವರಿ 16

ಅಮ್ಮಾ,

ಅದು ಹಳ್ಳ ಅಲ್ಲ. ಛತ್ರಿಯವರ ಕೈ.

ಅವರು ಎಂದಿನಂತೆ ಮೂಲೆಯಲ್ಲಿ ಕೂತು ಛತ್ರಿ ಬಿಚ್ಚಿ ಹಿಡಿದಿದ್ದರು. ಬಲಗೈ ಮುಂದಕ್ಕೆ ಚಾಚಿತ್ತು. ನಮ್ಮ ಕನ್ನಡಿ ಮಣಿಕಟ್ಟಿಗೆ ಬಡಿಯಿತು. ನಾನು ತಿರುಗಿ ನೋಡಿದಾಗ ಅವರು ಕೂಗಲೂ ಇಲ್ಲ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನಮ್ಮ ಕಾರನ್ನೇ ನೋಡುತ್ತಿದ್ದರು. ‘ನಿಲ್ಲಿಸು’ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಕಾಲು ಮಾತ್ರ ಬ್ರೇಕನ್ನು ಹುಡುಕಿತು. ನಾನು ಹಿಂದಿನ ಸೀಟಿನಲ್ಲಿದ್ದೆ.

ನಿನ್ನನ್ನು ಕಳಿಸಿ, ರೈಲು ಬಿಟ್ಟು, ಓಡಿ ಹೋದೆ. ಎರಡು ಮೂಳೆ ಮುರಿದಿತ್ತು. ಕಟ್ಟು ಹಾಕಿಸಿದೆ. ಈಗ ಮೂಳೆ ಕೂಡಿದೆ, ಆದರೆ ಹೆಬ್ಬೆರಳು ಬೆರಳಿಗೆ ತಾಗುವುದಿಲ್ಲ. ಸೂಜಿ ಹಿಡಿಯಲು ಆಗುವುದಿಲ್ಲ. ಅದಕ್ಕೇ ಅವರು ಕೂರುತ್ತಿಲ್ಲ. ಓಡಿ ಹೋಗಿಲ್ಲ, ಅದೇ ಗಲ್ಲಿಯ ಹಿಂದಿನ ಮನೆಯಲ್ಲಿ ಇದ್ದಾರೆ.

ನಿನಗೆ ಹೇಳಬಾರದೆಂದು ಅವರೇ ಮಾತು ತೆಗೆದುಕೊಂಡರು. ‘ನನ್ನ ಮಗಳಿಗೆ ಕಾರು ಕಲಿಸಿ ಕೆಲಸಕ್ಕೆ ಹಚ್ಚಿದೋರು ಅಮ್ಮನೋರು. ಅವರಿಗೆ ಗೊತ್ತಾದ್ರೆ ಮತ್ತೆ ಕಾರು ಮುಟ್ಟಲ್ಲ’ ಅಂದರು. ಅದಕ್ಕೇ ನಾನೂ ಸುಮ್ಮನಿದ್ದೆ. ಫೋನಿನಲ್ಲಿ ‘ಕಾರು ಓಡಿಸಬೇಡ’ ಎಂದಷ್ಟೇ ಹೇಳಿದೆ. ನೀನು ಕೂಗಿದೆ, ನಾನು ಇಟ್ಟೆ. ಆಮೇಲೆ ಇಲ್ಲಿ ಒಬ್ಬರಿಗೆ ಕಾಲಿನ ಅಳತೆ ತೆಗೆಯುತ್ತಿದ್ದಾಗ ಯಾವ ಗಾಡಿ ಎಂದು ಕೇಳಿದೆ. ‘ಯಾರೋ ವಯಸ್ಸಾದವರು, ಅವರಿಗೆ ಗೊತ್ತೇ ಆಗಲಿಲ್ಲ’ ಅಂದರು. ಅವತ್ತೇ ಆಫೀಸಿಗೆ ಬರೆದೆ. ‘ನನ್ನ ಅಮ್ಮ’ ಎಂದು ಬರೆದು ಎರಡು ಹಾಳೆ ಹರಿದು ಹಾಕಿದೆ. ಅದಕ್ಕೇ ‘ತಾಯಿಯವರು’.

ಅವತ್ತಿನ ಲಾರಿ ನನಗೂ ಕಂಡಿತ್ತಮ್ಮಾ. ನಾನೇ ಒತ್ತುವವಳಿದ್ದೆ. ನೀನು ಬಿಡಲಿಲ್ಲ.

ಪಕ್ಕದಲ್ಲಿ ಕೂತವರಿಗೆ ಹೆದರಿಕೆಯಾದರೆ ಹೇಳದೆ ಕೇಳದೆ ಬ್ರೇಕು ಒತ್ತಿಬಿಡಬೇಕು ಅನ್ನುವುದೊಂದನ್ನು ನಿನ್ನಿಂದ ಚೆನ್ನಾಗಿ ಕಲಿತಿದ್ದೇನೆ. ಒತ್ತಿದೆ.

ನಿನ್ನ ಮಗಳು

*

ಮಾರ್ಚ್ 2

ಮಗಳೇ,

ಕಾರು ಮೇಷ್ಟ್ರ ಮನೆಯ ಮುಂದೆ ನಿಂತಲ್ಲೇ ನಿಂತಿದೆ. ಕೀಲಿ ಅವರ ಹತ್ತಿರ ಕೊಟ್ಟಿದ್ದೇನೆ.

ನಾಳೆಯೇ ಹೋಗಿ ಕಲಿಯುವವರ ಲೈಸೆನ್ಸ್ ಮಾಡಿಸು. ಮಾಡಿಸಿಕೊಂಡು ಬಸ್ಸಿನಲ್ಲಿ ಬಾ. ಕಾರು ವಾಪಸ್ಸು ಮನೆಗೆ ಹೋಗಬೇಕು, ನೀನು ಓಡಿಸುತ್ತೀ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂರಬೇಕು ಅಂತ ಕಾನೂನು. ನನ್ನದು ಇಪ್ಪತ್ತನೇ ತಾರೀಖಿನ ತನಕ ಜೀವಂತ ಇದೆ. ಆಮೇಲೆ ಬಂದರೆ ಪ್ರಯೋಜನ ಇಲ್ಲ.

ಬರುವುದಿಲ್ಲ ಅಂದರೆ ಬರೆಯಬೇಡ. ಸುಮ್ಮನೆ ಬರದೆ ಇರು, ಗೊತ್ತಾಗುತ್ತದೆ.

ಅಮ್ಮ

*

ಮಾರ್ಚ್ 24

ಮಗಳೇ,

ರೈಲು ಹೊತ್ತಿಗೆ ಸರಿಯಾಗಿ ತಲುಪಿತು ಎಂದು ಬರೆದಿದ್ದೀ. ಸರಿ. ನಿನ್ನ ಓಡಿಸುವಿಕೆಯ ಬಗ್ಗೆ ನಾನು ಒಂದು ಮಾತೂ ಹೇಳಲಿಲ್ಲ ಅಂತ ದೂರು. ಯಾವಾಗ ಹೇಳಬೇಕಿತ್ತು? ಮೇಷ್ಟ್ರ ಮನೆಯಿಂದ ನಮ್ಮೂರಿನ ತನಕ ಆರು ದಿನ ನಿನ್ನ ಪಕ್ಕದಲ್ಲಿ ಬಾಯಿ ಬಿಗಿ ಹಿಡಿದು ಕೂತಿದ್ದೇ ನನಗೆ ದೊಡ್ಡ ತಪಸ್ಸು. ಹೊರಡುವಾಗ ಆ ಮೇಷ್ಟ್ರು ಬೇರೆ, “ಇಷ್ಟು ವರ್ಷಕ್ಕೆ ಟೀಚರಮ್ಮನೂ ರಿವರ್ಸ್ ಕಲಿತ್ರು” ಎಂದು ಇಡೀ ಬೀದಿಗೆ ಕೇಳುವ ಹಾಗೆ ನಕ್ಕರು.

ಈಗ ಹೇಳುತ್ತೇನೆ, ಕೇಳು. ಗೇರು ಬದಲಿಸುವಾಗ ಅದನ್ನು ನೋಡುತ್ತೀ. ನೋಡಬೇಡ, ಅದೆಲ್ಲಿಗೂ ಓಡಿ ಹೋಗುವುದಿಲ್ಲ. ಉಬ್ಬು ಬಂದರೆ ಉಸಿರು ಹಿಡಿಯುತ್ತೀ. ಇಂಡಿಕೇಟರಿನಲ್ಲಿ ಸುಳ್ಳು ಹೇಳುತ್ತೀ, ಎಡಕ್ಕೆ ಹಾಕಿ ನೇರ ಹೋಗುತ್ತೀ. ಉಳಿದದ್ದು ಪರವಾಗಿಲ್ಲ.

ನಾನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತದ್ದನ್ನು ನೋಡಿ “ಕಾಲು ನೋಯ್ತಿದ್ಯಾ?” ಎಂದು ದಾರಿಯುದ್ದಕ್ಕೂ ಕೇಳಿದೆಯಲ್ಲ. ಕಾಲು ನೋವಲ್ಲ. ಕೆಳಗೆ ಬಿಟ್ಟರೆ ತಾನಾಗಿ ಬ್ರೇಕು ಒತ್ತುತ್ತಿತ್ತು, ನನ್ನ ಮಾತು ಕೇಳುವ ಕಾಲಲ್ಲ ಅದು. ಮಡಿಸಿ, ಮೇಲೆ ಕೈ ಇಟ್ಟು ಹಿಡಿದುಕೊಂಡಿದ್ದೆ. ಎರಡನೇ ಗಡಿಯ ಹತ್ತಿರ ನಾಯಿ ಅಡ್ಡ ಬಂತಲ್ಲ, ನನ್ನ ಕಾಲು ಮಡಿಲಲ್ಲೇ ಒದ್ದಾಡಿತು. ಅಷ್ಟರಲ್ಲಿ ನೀನು ಒತ್ತಿದ್ದೆ. ಸರಿಯಾದ ಹೊತ್ತಿಗೆ ಒತ್ತಿದೆ, ಅಳತೆಗೆ ತಕ್ಕಷ್ಟೇ ಒತ್ತಿದೆ. ನಾಯಿಗೂ ಏನೂ ಆಗಲಿಲ್ಲ, ನಮಗೂ ಆಗಲಿಲ್ಲ. ಹದಿನೆಂಟನೇ ವಯಸ್ಸಿಗೇ ಬಿಟ್ಟಿದ್ದರೆ ಆಗಲೂ ಒತ್ತುತ್ತಿದ್ದೆಯೋ ಏನೋ. ಅದು ಇನ್ನು ಗೊತ್ತಾಗುವುದಿಲ್ಲ.

ನಿನ್ನನ್ನು ರೈಲಿಗೆ ಹತ್ತಿಸಿದ ದಿನವೇ ಛತ್ರಿಯವರ ಮನೆಗೆ ಹೋದೆ. ನಡೆದುಕೊಂಡು. ಒಂದೇ ಕೋಣೆ, ಗೋಡೆಯ ತುಂಬ ಛತ್ರಿಗಳನ್ನು ಬಾವಲಿಗಳ ಹಾಗೆ ನೇತುಹಾಕಿದ್ದಾರೆ. ನನ್ನನ್ನು ನೋಡಿ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ನಾನು ಹೇಳಬೇಕಾದ್ದನ್ನು ಹೇಳಿದೆ. ಅದಕ್ಕೆ ಆ ಮನುಷ್ಯ, “ಅಯ್ಯೋ ಅಮ್ಮನೋರೇ, ತಪ್ಪು ನಂದೇ. ರಸ್ತೆಗೆ ಒಂಚೂರು ಮುಂದೆ ಕೂತಿದ್ದೆ” ಅನ್ನಬೇಕೇ! ಎಲ್ಲಿತ್ತೋ ಕೋಪ.

“ಏನ್ರೀ, ಇಪ್ಪತ್ತು ವರ್ಷ ಕೂತ ಜಾಗ ಇದ್ದಕ್ಕಿದ್ದ ಹಾಗೆ ಮುಂದೆ ಬಂತಾ? ತಪ್ಪು ನಂದು ಅಂತ ಬಾಯಿ ಬಿಟ್ಟು ಹೇಳ್ತಿದ್ದೀನಿ. ಜನ್ಮದಲ್ಲಿ ಮೊದಲನೇ ಸಲ ಹೇಳ್ತಿದ್ದೀನಿ. ಅದನ್ನೂ ಕಿತ್ಕೊಳ್ತೀರಾ?”

ಹೆದರಿ, “ಆಯ್ತಮ್ಮ, ನಿಮ್ದೇ” ಅಂದರು.

ಗೋಡೆಯಿಂದ ನಿಮ್ಮಪ್ಪನ ಛತ್ರಿ ತೆಗೆದು ಕೊಟ್ಟರು. ರಿಪೇರಿಯಾಗಿತ್ತು. ಅವತ್ತು ಕೈ ಚಾಚಿ ಬಿಚ್ಚಿ ಹಿಡಿದು ನೋಡುತ್ತಿದ್ದದ್ದು ಇದನ್ನೇ ಅಂತೆ, ಕಡ್ಡಿ ಸರಿಯಾಗಿ ಕೂತಿದೆಯೋ ಎಂದು. ಕಳ್ಳ ಅಂದಿದ್ದೆ ನಾನು. ಆ ಕಾಗದವನ್ನು ನೀನು ಇನ್ನೂ ಇಟ್ಟುಕೊಂಡಿದ್ದರೆ ಆ ಒಂದು ಸಾಲನ್ನು ಹೊಡೆದು ಹಾಕು. ಬೇರೆ ಯಾವ ಸಾಲನ್ನೂ ಮುಟ್ಟಬೇಡ.

ಮರುದಿನದಿಂದ ಮಧ್ಯಾಹ್ನದ ಮೇಲೆ ಅವರ ಜೊತೆ ಮೂಲೆಯಲ್ಲಿ ಕೂರುತ್ತಿದ್ದೇನೆ. ಅವರು ಎಡಗೈಯಲ್ಲಿ ಛತ್ರಿ ಹಿಡಿಯುತ್ತಾರೆ, ಸೂಜಿ ನನ್ನದು. ನೋಡಲು ಪಾಪದ ಮನುಷ್ಯ, ಕಲಿಸಲು ಕೂತರೆ ರಾಕ್ಷಸ. “ಹಂಗಲ್ಲ, ಹಂಗಲ್ಲ, ಬಿಚ್ಚಿ” ಅನ್ನುತ್ತಾ ನಾನು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿಸುತ್ತಾರೆ. ತುಸು ತಾಳ್ಮೆ ಬೇಡವೇ ಕಲಿಸುವವರಿಗೆ? ನಗಬೇಡ.

ಇನ್ನು ಆಫೀಸಿನ ವಿಷಯ. ಇಪ್ಪತ್ತನೇ ತಾರೀಖು ಹೋದೆ. ಕ್ಲಚ್ಚಪ್ಪ ಮತ್ತೆ ಎದ್ದು ನಿಂತ. ಟೆಸ್ಟು ಬೇಡ ಅಂದೆ. ಅವನಿಗೆ ಗಾಬರಿ.

“ನೋಡೋ, ಎಡಗಡೆ ಸೀಟಲ್ಲಿ ನಾನು ಸರಿಯಾಗಿದ್ದೀನಿ. ಬಲಗಡೆ ಸೀಟಲ್ಲಿ ಇಲ್ಲ. ಹಾಗಂತ ಬರ್ಕೊಳ್ಳೋಕೆ ನಿನ್ನ ಅರ್ಜಿಯಲ್ಲಿ ಜಾಗ ಇದೆಯಾ?”

ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಇಲ್ಲ ಟೀಚರಮ್ಮ. ಇದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ಸೀಟಿನ ಕಾಲಂ ಇಲ್ಲ.”

ಇದಕ್ಕೊಂದು ಸರ್ಕಾರ, ಇದಕ್ಕೊಂದು ಆಫೀಸು! ಕಲಿಸುವವರಿಗೂ ಓಡಿಸುವವರ ಲೈಸೆನ್ಸೇ ಬೇಕಂತೆ. ಅದು ಹೋದರೆ ಇದೂ ಹೋಯಿತು. ಹೋಗಲಿ ಅಂದೆ. ಬಿಳಿ ಹಾಳೆ ಕೊಡು ಅಂದೆ. ನಿಂತುಕೊಂಡೇ ಬರೆದೆ, ಒಂದೇ ಸಾಲು: “ನಾನು ಕಾರು ಓಡಿಸಲು ಯೋಗ್ಯಳಲ್ಲ.”

ಓದಿ ತಲೆ ಕೆರೆದುಕೊಂಡ. “ಟೀಚರಮ್ಮ, ಯೋಗ್ಯರಲ್ಲ ಅಂತ ಹಾಕಿ. ನಿಮ್ಮಂಥೋರ ಬಗ್ಗೆ ಹೀಗೆ ಫೈಲಲ್ಲಿ ಇಡೋಕೆ ಒಂಥರಾ ಆಗುತ್ತೆ.”

“ನನ್ನ ಬಗ್ಗೆ ನಾನು ಬರೀತಿದ್ದೀನಿ. ನನಗೆ ನಾನೇ ಮರ್ಯಾದೆ ಕೊಟ್ಕೊಳ್ಳೋದು ಎಲ್ಲಾದ್ರೂ ಉಂಟಾ? ಗುಂಡುಪಿನ್ನು ಚುಚ್ಚು.”

ಚುಚ್ಚಿದ. ನಿನ್ನ ಕಾಗದದ ಹಿಂದೆ ನನ್ನದನ್ನು ಇಟ್ಟು ಎರಡಕ್ಕೂ ಸೇರಿಸಿ ಒಂದೇ ಪಿನ್ನು. ಎರಡರಲ್ಲೂ ಅಕ್ಷರ ಹಿಂದಕ್ಕೆ ಉಬ್ಬಿದ್ದವು. ಪಿನ್ನು ಹೋಗಲು ಕಷ್ಟಪಟ್ಟಿತು.

ಕಾರು ನಿನ್ನದು. ಟೆಸ್ಟ್ ಪಾಸಾದ ಮೇಲೆ ಬಂದು ತೆಗೆದುಕೊಂಡು ಹೋಗು. ಎಡಗಡೆಯ ಬ್ರೇಕನ್ನು ಮೆಕ್ಯಾನಿಕ್ಕಿನ ಕೈಲಿ ಬಿಚ್ಚಿಸಿದ್ದೇನೆ. ನೆಲದಲ್ಲಿ ತೂತು ಉಳಿದಿದೆ, ಮೇಲೆ ಚಾಪೆ ಹಾಕಿಕೋ. ಆಮೇಲೆ ನಾನೂ ಒಮ್ಮೆ ಆ ಸೀಟಿನಲ್ಲಿ ಕಾಲು ಚಾಚಿ ಕೂತು ನೋಡಬೇಕು.

ಇನ್ನು ಮುಂದೆ ನನ್ನ ಬಗ್ಗೆ ಯಾವ ಆಫೀಸಿಗೆ ಏನು ಬರೆಯುವುದಿದ್ದರೂ ಏಕವಚನದಲ್ಲಿ ಬರೆ. ಓದಿದವರಿಗೆ ಮಗಳೇ ಬರೆದದ್ದು ಎಂದು ಗೊತ್ತಾಗಲಿ.

ನಿನ್ನ ಅಮ್ಮ